ಶಾಂತಿಸಾಗರರ ಆಕಿಂಚನ್ಯ

ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಸೀಮೆಯಲ್ಲಿ ವೇದಗಂಗಾ ಮತ್ತು ದೂಧಗಂಗಾ ನದಿಗಳು ಕೂಡುವಲ್ಲಿ ಭೋಜ ಎಂಬ ಗ್ರಾಮವಿದೆ. ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಮರುಜೀವ ನೀಡಿದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು ಬೆಳೆದದ್ದು ಈ ಊರಿನಲ್ಲಿ. 1872ರಲ್ಲಿ ತಾಯಿಯ ತವರಾದ ಯಳಗುಡದಲ್ಲಿ ಜನಿಸಿದ ಅವರ ಪೂರ್ವಾಶ್ರಮದ ಹೆಸರು ಸಾತಗೌಡ. ತಂದೆ ಭೀಮಗೌಡ ಪಾಟೀಲರು, ತಾಯಿ ಸತ್ಯವತಿ, ಒಕ್ಕಲುತನದ ಮನೆ. ಅಂದಿನ ರೂಢಿಯಂತೆ ಒಂಬತ್ತನೆಯ ವಯಸ್ಸಿಗೇ ವಿವಾಹವಾಯಿತು. ಕೆಲವೇ ತಿಂಗಳುಗಳಲ್ಲಿ ಆ ಪುಟ್ಟ ಬಾಲಿಕೆ ತೀರಿಕೊಂಡಳು. ಮುಂದೆ ಹಿರಿಯರು ಮತ್ತೊಮ್ಮೆ ಮದುವೆಯ ಮಾತೆತ್ತಿದಾಗ ಸಾತಗೌಡರು ಒಪ್ಪಲಿಲ್ಲ. ಮನಸ್ಸು ದೀಕ್ಷೆಯ ಕಡೆಗೆ ತಿರುಗಿತ್ತು. ಆದರೆ ತಾವು ಬದುಕಿರುವವರೆಗೆ ಮನೆಯನ್ನು ಬಿಡಬಾರದೆಂದು ತಂದೆತಾಯಿ ಕೇಳಿಕೊಂಡರು, ಮಗ ತಲೆಬಾಗಿದರು. ಆ ಒಂದು ಒಪ್ಪಿಗೆಗಾಗಿ ಅವರು ಗೃಹಸ್ಥರ ನಡುವೆ ಕಳೆದ ಕಾಲ ಇಪ್ಪತ್ತು ವರ್ಷಕ್ಕೂ ಮಿಗಿಲು.

ಮಹಾರಾಜರ ಚರಿತ್ರೆಯನ್ನು ಹೇಳುವವರು ಈ ವರ್ಷಗಳನ್ನು ಬೇಗ ದಾಟಿ, ಕೊಣ್ಣೂರಿನ ಗುಹೆಯಲ್ಲಿ ಧ್ಯಾನಸ್ಥರಾಗಿದ್ದಾಗ ಸರ್ಪವೊಂದು ಮೈಯನ್ನು ಸುತ್ತಿಕೊಂಡ ಪ್ರಸಂಗಕ್ಕೆ ಬರುತ್ತಾರೆ. ಕೇಳಲು ರೋಮಾಂಚನವಾಗುವುದು ನಿಜ. ಆದರೆ ನಮ್ಮಂಥ ಶ್ರಾವಕರ ಮೈಗೆ ಸರ್ಪ ಸುತ್ತಿಕೊಳ್ಳುವ ಸಂಭವ ಕಡಿಮೆ. ನಮಗಿರುವುದು ಅಂಗಡಿ, ಹೊಲ, ಲೆಕ್ಕದ ಪುಸ್ತಕ. ಆದ್ದರಿಂದ ಭೋಜದ ಬಟ್ಟೆ ಅಂಗಡಿಯ ಸಂಗತಿಯೇ ನನಗೆ ಹೆಚ್ಚು ದೊಡ್ಡದಾಗಿ ಕಾಣುತ್ತದೆ.

ಆ ಅಂಗಡಿಯನ್ನು ಮುಖ್ಯವಾಗಿ ನೋಡಿಕೊಳ್ಳುತ್ತಿದ್ದವನು ತಮ್ಮ. ಅವನಿಲ್ಲದ ವೇಳೆಯಲ್ಲಿ ಸಾತಗೌಡರು ಕೂರುತ್ತಿದ್ದರು. ಗಿರಾಕಿ ಬಂದರೆ, ಬೇಕಾದ ಬಟ್ಟೆಯನ್ನು ತಾನೇ ಅಳೆದು ಕತ್ತರಿಸಿಕೊಂಡು, ಹಣವನ್ನು ಇಟ್ಟು, ಪುಸ್ತಕದಲ್ಲಿ ತಾನೇ ಬರೆದು ಹೋಗುವಂತೆ ತಿಳಿಸಿ, ತಾವು ಮತ್ತೆ ಶಾಸ್ತ್ರವಾಚನಕ್ಕೆ ಮರಳುತ್ತಿದ್ದರಂತೆ. ಹೊಲಕ್ಕೆ ಕಾವಲು ಹೋದರೂ ಇದೇ ರೀತಿ. ಹಕ್ಕಿಗಳ ಹಿಂಡು ಬಂದು ತೆನೆಗಳ ಮೇಲೆ ಇಳಿದರೆ ಓಡಿಸುತ್ತಿರಲಿಲ್ಲ. ಅವುಗಳಿಗೆ ಕುಡಿಯಲು ನೀರನ್ನೂ ಇಡುತ್ತಿದ್ದರಂತೆ. ಇಲ್ಲಿ ಒಂದು ಮಾತು ಹೇಳಬೇಕು. ನಾಗರಹೊಳೆ ಕಾಡಿನ ಅಂಚಿನ ನಮ್ಮ ವೀರನಹೊಸಹಳ್ಳಿಯಲ್ಲಿ ಆನೆ, ಹಂದಿಗಳ ಭಯದಿಂದ ರಾತ್ರಿಯಿಡೀ ಅಟ್ಟಣೆಯ ಮೇಲೆ ಕುಳಿತು ಫಸಲು ಕಾಯುವ ರೈತನಿಗೆ ಈ ಕಥೆಯನ್ನು ಉಪದೇಶವಾಗಿ ಹೇಳುವ ಧೈರ್ಯ ನನಗಿಲ್ಲ. ಅವನ ಮನೆಯ ಅನ್ನ ಆ ಹೊಲದಲ್ಲಿದೆ. ಸಾತಗೌಡರು ಹೊಲವನ್ನು ಹಾಳುಗೆಡವಿದರೆಂದು ಯಾರೂ ಹೇಳಿಲ್ಲ. ಉಳುವ, ಬಿತ್ತುವ ಕೆಲಸದಲ್ಲಿ ಅವರು ಯಾರಿಗೂ ಕಡಿಮೆಯಿರಲಿಲ್ಲ. ದೇಹಬಲ ಎಷ್ಟಿತ್ತೆಂದರೆ, ನದಿ ತುಂಬಿದಾಗ ಮುನಿಗಳನ್ನು ಹೆಗಲ ಮೇಲೆ ಹೊತ್ತು ದಡ ಸೇರಿಸುತ್ತಿದ್ದರು. ಕೆಲಸ ನಡೆಯುತ್ತಿತ್ತು, ಕೆಲಸದೊಂದಿಗೆ ಹುಟ್ಟುವ ನನ್ನದೆಂಬ ಭಾವ ಮಾತ್ರ ಬೇರುಬಿಡಲು ಅಲ್ಲಿ ನೆಲ ಸಿಗಲಿಲ್ಲ.

ಈಚೆಗೆ ಧ್ಯಾನದ ಮಾತು ಬಂದಾಗಲೆಲ್ಲ ಮನಸ್ಸನ್ನು ಶೂನ್ಯ ಮಾಡಿಕೊಳ್ಳಬೇಕು, ಯಾವ ಯೋಚನೆಯೂ ಇರಬಾರದು ಎಂದು ಹೇಳುವುದನ್ನು ಕೇಳುತ್ತೇವೆ. ಪ್ರಯತ್ನಿಸಿದವರಿಗೆ ಅದರ ಕಷ್ಟ ಗೊತ್ತು. ಜಿನಾಗಮದ ಪ್ರಕಾರ ಆತ್ಮವು ಶೂನ್ಯವಲ್ಲ. ಅದು ಸತ್ ಪದಾರ್ಥ. ಉತ್ಪಾದ, ವ್ಯಯ, ಧ್ರೌವ್ಯಗಳಿಂದ ಕೂಡಿದ್ದು. ಅರಿಯುವುದೇ ಅದರ ಸ್ವಭಾವ. ಹುಟ್ಟಿ ಅಳಿಯುವ ಯೋಚನೆಗಳೂ ಭಾವನೆಗಳೂ ಕರ್ಮೋದಯದ ಅಲೆಗಳು. ಅವನ್ನು ತಿಳಿಯುವವನು ಬೇರೆ. ದಶಲಕ್ಷಣ ಧರ್ಮಗಳಲ್ಲಿ ಒಂಬತ್ತನೆಯದಾದ ಉತ್ತಮ ಆಕಿಂಚನ್ಯವು ಹೇಳುವುದು ಏನೂ ಇಲ್ಲವೆಂದಲ್ಲ, ಕಿಂಚಿತ್ತೂ ನನ್ನದಲ್ಲವೆಂದು. ಈ ಎರಡರ ನಡುವಿನ ಅಂತರ ಬಹಳ ದೊಡ್ಡದು. ಮೊದಲನೆಯದು ಭಯ ಹುಟ್ಟಿಸುತ್ತದೆ, ಎರಡನೆಯದು ಭಾರ ಇಳಿಸುತ್ತದೆ.

ಆದರೆ ಭಾರವನ್ನು ಇಳಿಸುವುದು ಒಂದು ದಿನದ ಕೆಲಸವೂ ಅಲ್ಲ. ತಂದೆತಾಯಿಗಳ ಕಾಲಾನಂತರ, ನಲವತ್ತು ದಾಟಿದ ಮೇಲೆ, ಸಾತಗೌಡರು ಉತ್ತೂರಿನಲ್ಲಿ ದೇವೇಂದ್ರಕೀರ್ತಿ ಮುನಿಗಳಿಂದ ಕ್ಷುಲ್ಲಕ ದೀಕ್ಷೆ ಪಡೆದರು. ಆಗ ಮೈಮೇಲೆ ಕೌಪೀನ ಮತ್ತು ಒಂದು ತುಂಡು ವಸ್ತ್ರ. ಗಿರನಾರ ಪರ್ವತದಲ್ಲಿ ನೇಮಿನಾಥ ತೀರ್ಥಂಕರರ ಚರಣಗಳ ಸನ್ನಿಧಿಯಲ್ಲಿ ಐಲಕರಾದಾಗ ಆ ತುಂಡು ವಸ್ತ್ರವೂ ಹೋಯಿತು. ಆ ಯಾತ್ರೆಯಿಂದ ಹಿಂತಿರುಗುವಾಗ ಆಜೀವ ವಾಹನತ್ಯಾಗ ಮಾಡಿದರು. 1920ರಲ್ಲಿ ಯರನಾಳದ ಪಂಚಕಲ್ಯಾಣ ಮಹೋತ್ಸವದಲ್ಲಿ ಮುನಿದೀಕ್ಷೆಯಾದಾಗ ಕೌಪೀನವೂ ಹೋಯಿತು. ಉಳಿದವು ಪಿಂಛಿ ಮತ್ತು ಕಮಂಡಲು. 1924ರಲ್ಲಿ ಸಮಡೋಳಿಯಲ್ಲಿ ಸಂಘವು ಅವರಿಗೆ ಆಚಾರ್ಯಪದವನ್ನು ನೀಡಿತು.

ವಸ್ತ್ರ ಹೋದ ಮಾತ್ರಕ್ಕೆ ಮಮಕಾರ ಹೋಗುವುದೇ? ನಮ್ಮ ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯಲ್ಲಿ ಬಾಹುಬಲಿ ಸ್ವಾಮಿಯ ಎದುರು ನಿಂತಾಗ ಈ ಪ್ರಶ್ನೆ ಸಹಜವಾಗಿ ಏಳುತ್ತದೆ. ಗೆದ್ದ ರಾಜ್ಯವನ್ನೇ ಬಿಟ್ಟು ಬಂದು ವರ್ಷವಿಡೀ ನಿಂತರೂ, ತಾನು ನಿಂತಿರುವ ನೆಲ ಭರತನದೆಂಬ ಒಂದು ಯೋಚನೆ ಒಳಗೆ ಮುಳ್ಳಾಗಿ ಉಳಿದು ಕೇವಲಜ್ಞಾನವನ್ನು ತಡೆದಿತ್ತೆಂಬ ಕಥೆ ಜನಜನಿತ. ಬಳ್ಳಿ ಹಬ್ಬಿದ್ದು ಹೊರಗೆ, ಮುಳ್ಳಿದ್ದದ್ದು ಒಳಗೆ. ನಿವೃತ್ತನಾಗಿ ವರ್ಷಗಳಾದರೂ ಶಾಲೆಯ ಗಂಟೆ ಕೇಳಿದರೆ ನನ್ನ ಕಾಲುಗಳು ಇಂದಿಗೂ ಚುರುಕಾಗುತ್ತವೆ. ಕುರ್ಚಿಯನ್ನು ಬಿಟ್ಟುಬಂದಿದ್ದೇನೆ, ಮೇಷ್ಟ್ರು ಒಳಗೇ ಇದ್ದಾರೆ.

ಶಾಂತಿಸಾಗರರ ವಿಷಯದಲ್ಲಿ ಗಮನಿಸಬೇಕಾದದ್ದು ಅವರು ಏನೂ ನನ್ನದಲ್ಲವೆಂದು ಸುಮ್ಮನೆ ಕೂರಲಿಲ್ಲವೆಂಬುದು. ದಕ್ಷಿಣದಿಂದ ಸಮ್ಮೇದಶಿಖರಜಿಯವರೆಗೆ, ಅಲ್ಲಿಂದ ಉತ್ತರದ ಊರುಗಳಿಗೆ ಸಂಘದೊಡನೆ ಕಾಲ್ನಡಿಗೆಯಲ್ಲಿ ವಿಹರಿಸಿದರು. ಮುನಿಗಳ ದರ್ಶನವೇ ಅಪರೂಪವಾಗಿದ್ದ ಆ ಕಾಲದಲ್ಲಿ ದೆಹಲಿಯ ಪ್ರಮುಖ ಸ್ಥಳಗಳಲ್ಲಿ ನಿಂತು ಛಾಯಾಚಿತ್ರ ತೆಗೆಸಿಕೊಂಡರೆಂದು ಚರಿತ್ರಕಾರರು ಹೇಳುತ್ತಾರೆ. ಮುಂದೆ ಬರುವ ಮುನಿಗಳ ವಿಹಾರಕ್ಕೆ ಅಡ್ಡಿಯಾಗದಿರಲು ಅದು ಸಾಕ್ಷಿಯಾಗಲಿ ಎಂಬುದು ಉದ್ದೇಶ. ಮೂಡುಬಿದಿರೆಯಲ್ಲಿ ತಾಳೆಗರಿಗಳ ಮೇಲೆ ಉಳಿದುಬಂದ ಧವಲಾದಿ ಸಿದ್ಧಾಂತ ಗ್ರಂಥಗಳು ಜೀರ್ಣವಾಗುತ್ತಿರುವುದನ್ನು ತಿಳಿದು ಕಳವಳಗೊಂಡು, ಅವನ್ನು ತಾಮ್ರಪತ್ರಗಳ ಮೇಲೆ ಕೊರೆಸುವ ಮಹಾಕಾರ್ಯಕ್ಕೆ ಪ್ರೇರಕರಾದರು. ಸ್ವಂತಕ್ಕೆ ಒಂದು ಎಳೆ ನೂಲನ್ನೂ ಇಟ್ಟುಕೊಳ್ಳದವರು ಶ್ರುತವನ್ನು ಲೋಹದಲ್ಲಿ ಕಾಪಾಡಿದರು. ಇದರಲ್ಲಿ ವಿರೋಧವೇನೂ ನನಗೆ ಕಾಣದು. ತನ್ನದಲ್ಲದ್ದನ್ನು ಜತನ ಮಾಡುವವನ ಕೈ ನಡುಗುವುದಿಲ್ಲ.

ಎಂಬತ್ತು ದಾಟಿದ ಮೇಲೆ ಕಣ್ಣಿನ ದೃಷ್ಟಿ ಕುಂದತೊಡಗಿತು. ನಮಗೆ ಅದು ಮುಪ್ಪಿನ ತೊಂದರೆಗಳಲ್ಲಿ ಒಂದು. ಮುನಿಗೆ ಹಾಗಲ್ಲ. ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಗೂ, ಅಂಗೈಯ ತುತ್ತನ್ನು ಪರೀಕ್ಷಿಸಿ ಸ್ವೀಕರಿಸುವ ಏಷಣಾಸಮಿತಿಗೂ ಕಣ್ಣು ಬೇಕು. ಕಾಣದೆ ನಡೆದರೆ ಕಾಲಡಿಯ ಜೀವಕ್ಕೆ ಹಿಂಸೆ. ವ್ರತವನ್ನು ಸಡಿಲಿಸಿ ದೇಹವನ್ನು ಉಳಿಸಿಕೊಳ್ಳುವುದೋ, ದೇಹದ ಮಮತೆಯನ್ನು ಬಿಟ್ಟು ವ್ರತವನ್ನು ಉಳಿಸಿಕೊಳ್ಳುವುದೋ ಎಂಬ ಪ್ರಶ್ನೆ ಎದುರಾದಾಗ ಅವರು ಎರಡನೆಯದನ್ನು ಆರಿಸಿಕೊಂಡರು. ಕುಲಭೂಷಣ, ದೇಶಭೂಷಣ ಮುನಿಗಳ ಮೋಕ್ಷಸ್ಥಾನವಾದ ಕುಂಥಲಗಿರಿಯಲ್ಲಿ 1955ರ ಆಗಸ್ಟ್ 14ರಂದು ಸಲ್ಲೇಖನವು ಆರಂಭವಾಯಿತು. ಅಲ್ಲಿಂದಲೇ ದೂರದ ಜಯಪುರದಲ್ಲಿದ್ದ ಶಿಷ್ಯ ವೀರಸಾಗರರಿಗೆ ಆಚಾರ್ಯಪದವನ್ನು ಒಪ್ಪಿಸಿ ಕಳುಹಿಸಿದರು. ವಸ್ತ್ರ, ವಾಹನ, ಆಹಾರಗಳ ಸಾಲಿನಲ್ಲಿ ಪದವಿಯೂ ಸೇರಿತು.

ಇಪ್ಪತ್ತಾರನೆಯ ದಿನ, ಸೆಪ್ಟೆಂಬರ್ 8ರಂದು, ಅವರು ಮರಾಠಿಯಲ್ಲಿ ನೀಡಿದ ಅಂತಿಮ ಉಪದೇಶ ಧ್ವನಿಮುದ್ರಣವಾಗಿ ಉಳಿದಿದೆ. ಅಷ್ಟು ದಿನಗಳ ಉಪವಾಸದ ನಂತರ ಆ ಕೃಶ ದೇಹದಿಂದ ಬಂದ ಮಾತಿನಲ್ಲಿ ತಮ್ಮ ತಪಸ್ಸಿನ ವರ್ಣನೆಯಿಲ್ಲ. ಹೆದರದೆ ಸಂಯಮವನ್ನು ಸ್ವೀಕರಿಸಬೇಕೆಂದೂ, ಪ್ರತಿದಿನ ಕೆಲವು ನಿಮಿಷಗಳಾದರೂ ಆತ್ಮಚಿಂತನೆ ಮಾಡಬೇಕೆಂದೂ ಕೇಳಿಕೊಂಡರು. ಶ್ರಾವಕರ ಸಾಮಾಯಿಕಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ, ವಿಧಿಸಲ್ಪಟ್ಟಿದೆ. ಅದೂ ನಮ್ಮಿಂದಾಗದೆಂಬುದನ್ನು ಅಂಗಡಿ, ಹೊಲಗಳನ್ನು ಬಲ್ಲ ಆ ಹಿರಿಯ ಜೀವ ಅರಿತಿತ್ತು. ಆ ಕೆಲವು ನಿಮಿಷಗಳಲ್ಲಿ ನಮಗೆ ಬರುವುದು ಪಿಂಚಣಿಯ ಚಿಂತೆ, ಮಂಡಿಯ ನೋವು, ನಿನ್ನೆ ಯಾರೋ ಆಡಿದ ಮಾತು. ಬರಲಿ. ನೋವು ಮಂಡಿಯದು, ಮಾತು ಆಡಿದವರದು, ಬೇಸರ ಬಂದು ಹೋಗುವ ಭಾವದ್ದು ಎಂದು ಒಂದೊಂದನ್ನೂ ಅದರ ಒಡೆಯನಿಗೆ ಒಪ್ಪಿಸುತ್ತ ಹೋದರೆ, ಒಪ್ಪಿಸುತ್ತಿರುವವನು ಯಾರೆಂಬುದು ಕ್ಷಣಕಾಲವಾದರೂ ಹೊಳೆಯುತ್ತದೆ. ಮರುಕ್ಷಣ ಮರೆತುಹೋಗುತ್ತದೆ, ಮರುದಿನ ಮತ್ತೆ ಕುಳಿತುಕೊಳ್ಳಬೇಕು.

ಸೆಪ್ಟೆಂಬರ್ 18ರ ಭಾನುವಾರ, ಭಾದ್ರಪದ ಶುಕ್ಲ ಬಿದಿಗೆಯ ಬೆಳಿಗ್ಗೆ, ಸಲ್ಲೇಖನದ ಮೂವತ್ತಾರನೆಯ ದಿನ, ಮಹಾರಾಜರು ಸಮಾಧಿಸ್ಥರಾದರು. ದಶಲಕ್ಷಣ ಪರ್ವಕ್ಕೆ ಆಗ ಇನ್ನು ಮೂರು ದಿನಗಳು ಉಳಿದಿದ್ದವು.