ಅರ್ನ್ಸ್ಟ್ ಕ್ರೆಂಕೆಲ್

ಅರ್ನ್ಸ್ಟ್ ತಿಯೊಡೊರೊವಿಚ್ ಕ್ರೆಂಕೆಲ್ (ಜನನ: 1903ರ ಡಿಸೆಂಬರ್ 24, ನಿಧನ: 1971ರ ಡಿಸೆಂಬರ್ 8) ಸೋವಿಯತ್ ಒಕ್ಕೂಟದ ಧ್ರುವಪ್ರದೇಶ ಅನ್ವೇಷಕರು, ರೇಡಿಯೋ ನಿರ್ವಾಹಕರು ಹಾಗೂ ಹವ್ಯಾಸಿ ರೇಡಿಯೋ ಬಳಗದ ಹಿರಿಯ ಸದಸ್ಯರು. 1930ರಲ್ಲಿ ಉತ್ತರ ಧ್ರುವದ ಸಮೀಪದಿಂದ ಅಂಟಾರ್ಕ್ಟಿಕಾದೊಂದಿಗೆ ರೇಡಿಯೋ ಸಂಪರ್ಕ ಸಾಧಿಸಿದವರು, 1934ರಲ್ಲಿ ಮುಳುಗಿದ ಚೆಲ್ಯೂಸ್ಕಿನ್ ಹಡಗಿನ ಪ್ರಯಾಣಿಕರ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿದವರು, 1937–38ರಲ್ಲಿ ತೇಲುವ ಮಂಜುಗಡ್ಡೆಯ ಮೇಲಿನ ಪ್ರಥಮ ಸಂಶೋಧನಾ ನೆಲೆಯಲ್ಲಿ 274 ದಿನ ಕಳೆದವರು ಎಂದು ಅವರು ಪ್ರಸಿದ್ಧರು. ಅಲ್ಪ ವಿದ್ಯುತ್ತಿನಿಂದ ನಡೆಯುವ ಸರಳ ಉಪಕರಣವೂ ನುರಿತ ಕೈಯಲ್ಲಿ ಬಹು ದೂರವನ್ನು ತಲುಪಬಲ್ಲದು ಎಂಬುದಕ್ಕೆ ಅವರ ಜೀವನ ಉತ್ತಮ ನಿದರ್ಶನವಾಗಿದೆ.

ಬಾಲ್ಯ ಮತ್ತು ಶಿಕ್ಷಣ

ಕ್ರೆಂಕೆಲ್ ಅವರು ಅಂದಿನ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದು ಪೋಲೆಂಡ್ ದೇಶದಲ್ಲಿರುವ ಬಿಯಾಲಿಸ್ಟೋಕ್ ನಗರದಲ್ಲಿ ಜರ್ಮನ್ ಮೂಲದ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಶಾಲಾ ಅಧ್ಯಾಪಕರು. ಅರ್ನ್ಸ್ಟ್ ಬಾಲಕರಾಗಿದ್ದಾಗಲೇ ಕುಟುಂಬವು ಮಾಸ್ಕೋ ನಗರಕ್ಕೆ ಬಂದು ನೆಲೆಸಿತು. ಮೊದಲನೆಯ ಮಹಾಯುದ್ಧ, ಕ್ರಾಂತಿ ಮತ್ತು ಅಂತರ್ಯುದ್ಧಗಳಿಂದ ಬದುಕು ಕಷ್ಟವಾಗಿದ್ದ ಆ ವರ್ಷಗಳಲ್ಲಿ ತರುಣ ಕ್ರೆಂಕೆಲ್ ಸಣ್ಣಪುಟ್ಟ ಕೆಲಸಗಳನ್ನು ಮಾಡಿ ಮನೆಗೆ ನೆರವಾಗಬೇಕಾಯಿತು.

1921ರಲ್ಲಿ ಅವರು ಮಾಸ್ಕೋದಲ್ಲಿ ರೇಡಿಯೋ ಟೆಲಿಗ್ರಾಫ್ ತರಬೇತಿಯನ್ನು ಪೂರೈಸಿ, ನಗರದ ಸಮೀಪದ ಲ್ಯೂಬೆರ್ತ್ಸಿ ರೇಡಿಯೋ ಕೇಂದ್ರದಲ್ಲಿ ಉದ್ಯೋಗಕ್ಕೆ ಸೇರಿದರು. ಚುಕ್ಕಿ ಮತ್ತು ಗೆರೆಗಳ ರೂಪದಲ್ಲಿ ಬರುವ ಮೋರ್ಸ್ ಸಂಕೇತಗಳನ್ನು ಕಿವಿಯಿಂದಲೇ ಗ್ರಹಿಸಿ ಬರೆದುಕೊಳ್ಳುವುದರಲ್ಲಿ ಅವರು ಬೇಗನೆ ನಿಪುಣರಾದರು. ಹಡಗಿನಲ್ಲಿ ದೂರದೇಶಗಳಿಗೆ ಹೋಗಬೇಕೆಂಬ ಆಸೆಯಿಂದ 1924ರಲ್ಲಿ ಲೆನಿನ್‌ಗ್ರಾಡ್‌ಗೆ ತೆರಳಿದಾಗ ಅವರಿಗೆ ದೊರೆತದ್ದು ಬೇರೆಯೇ ಕೆಲಸ. ಆರ್ಕ್ಟಿಕ್ ಸಾಗರದ ನೊವಾಯಾ ಜೆಮ್ಲ್ಯಾ ದ್ವೀಪದಲ್ಲಿದ್ದ ಮಾತೋಚ್ಕಿನ್ ಶಾರ್ ವೀಕ್ಷಣಾಲಯದಲ್ಲಿ ಅವರು ರೇಡಿಯೋ ನಿರ್ವಾಹಕರಾಗಿ ನೇಮಕಗೊಂಡರು. ತಿಂಗಳುಗಟ್ಟಲೆ ಸೂರ್ಯನೇ ಕಾಣದ ಧ್ರುವರಾತ್ರಿಯ ಪರಿಚಯ ಅವರಿಗೆ ಆದದ್ದು ಅಲ್ಲಿಯೇ.

ಶಾರ್ಟ್‌ವೇವ್ ತರಂಗಗಳು ಮತ್ತು ಹವ್ಯಾಸಿಗಳು

ಆ ಕಾಲದಲ್ಲಿ ದೂರದ ರೇಡಿಯೋ ಸಂಪರ್ಕಕ್ಕೆ ದೀರ್ಘ ತರಂಗಗಳೇ ಬೇಕು, ಅದಕ್ಕೆ ಎತ್ತರವಾದ ಕಂಬಗಳೂ ಭಾರಿ ಯಂತ್ರಗಳೂ ಅನಿವಾರ್ಯ ಎಂಬ ನಂಬಿಕೆಯಿತ್ತು. 200 ಮೀಟರ್‌ಗಿಂತ ಚಿಕ್ಕದಾದ ತರಂಗಗಳು ಉಪಯೋಗಕ್ಕೆ ಬಾರದವು ಎಂದು ಭಾವಿಸಿ, ಅವುಗಳನ್ನು ಹವ್ಯಾಸಿಗಳ ಪಾಲಿಗೆ ಬಿಡಲಾಗಿತ್ತು. ಆದರೆ 1923ರ ನವೆಂಬರ್‌ನಲ್ಲಿ ಫ್ರಾನ್ಸ್ ದೇಶದ ಲಿಯೋನ್ ಡೆಲ್ವಾ ಮತ್ತು ಅಮೆರಿಕದ ಫ್ರೆಡ್ ಶ್ನೆಲ್ ಎಂಬ ಹವ್ಯಾಸಿಗಳು ಸುಮಾರು 100 ಮೀಟರ್ ತರಂಗದಲ್ಲಿ ಅಟ್ಲಾಂಟಿಕ್ ಸಾಗರದ ಎರಡು ದಡಗಳಿಂದ ಪರಸ್ಪರ ಸಂಭಾಷಿಸಿದರು. 1925ರ ಜನವರಿಯಲ್ಲಿ ನಿಜ್ನಿ ನೊವ್‌ಗೊರೋದ್ ನಗರದ ಫ್ಯೋದರ್ ಲ್ಬೋವ್ ಅವರು ಅಲ್ಪಶಕ್ತಿಯ ಟ್ರಾನ್ಸ್‌ಮಿಟರಿನಿಂದ ಕಳುಹಿಸಿದ ಸಂಕೇತವು ಇರಾಕ್‌ನಲ್ಲಿ ಕೇಳಿಸಿತು. ಸೋವಿಯತ್ ಹವ್ಯಾಸಿ ಪ್ರಸಾರದ ಆರಂಭವನ್ನು ಈ ಘಟನೆಯಿಂದ ಗುರುತಿಸಲಾಗುತ್ತದೆ.

ಭೂಮಿಯ ವಾತಾವರಣದ ಮೇಲ್ಭಾಗದಲ್ಲಿರುವ ಅಯಾನುಗೋಳವು ಶಾರ್ಟ್‌ವೇವ್ ತರಂಗಗಳನ್ನು ನೆಲದತ್ತ ಮರಳಿಸುವುದೇ ಇದಕ್ಕೆ ಕಾರಣ. ಹೀಗೆ ಮರಳಿದ ತರಂಗವು ನೆಲಕ್ಕೆ ತಾಗಿ ಮತ್ತೆ ಮೇಲೇರಿ, ಹಂತಹಂತವಾಗಿ ಸಾವಿರಾರು ಕಿಲೋಮೀಟರ್ ಸಾಗಬಲ್ಲದು. ತರಂಗದ ಉದ್ದವನ್ನೂ ದಿನದ ಹೊತ್ತನ್ನೂ ಸರಿಯಾಗಿ ಆಯ್ದುಕೊಂಡರೆ ಭಾರಿ ವಿದ್ಯುತ್ತಿನ ಅಗತ್ಯವಿಲ್ಲ.

ಆರ್ಕ್ಟಿಕ್ ಪ್ರದೇಶದಲ್ಲಿ ಈ ತರಂಗಗಳ ಪ್ರಯೋಜನವನ್ನು ಮೊದಲು ಕಂಡುಕೊಂಡವರಲ್ಲಿ ಕ್ರೆಂಕೆಲ್ ಒಬ್ಬರು. ಸೇನೆಯ ರೇಡಿಯೋ ದಳದಲ್ಲಿ ಸೇವೆ ಸಲ್ಲಿಸಿದ ಬಳಿಕ, 1927–28ರಲ್ಲಿ ಎರಡನೆಯ ಬಾರಿಗೆ ಮಾತೋಚ್ಕಿನ್ ಶಾರ್‌ಗೆ ಹೋದಾಗ ಅವರು ಶಾರ್ಟ್‌ವೇವ್ ಉಪಕರಣವನ್ನು ಜೊತೆಗೆ ಒಯ್ದು ಪ್ರಯೋಗಗಳನ್ನು ನಡೆಸಿದರು. ಅದೇ 1928ರ ಮೇ 25ರಂದು ಇಟಾಲಿಯಾ ಎಂಬ ವಾಯುನೌಕೆ ಆರ್ಕ್ಟಿಕ್ ಮಂಜಿನ ಮೇಲೆ ಅಪಘಾತಕ್ಕೀಡಾಯಿತು. ಬದುಕುಳಿದವರು ಸಣ್ಣ ತುರ್ತು ಟ್ರಾನ್ಸ್‌ಮಿಟರಿನಿಂದ ಕಳುಹಿಸುತ್ತಿದ್ದ ಸಂಕೇತಗಳನ್ನು ಜೂನ್ 3ರಂದು ಗ್ರಹಿಸಿದವರು ರಷ್ಯಾದ ಒಂದು ಹಳ್ಳಿಯ ಹವ್ಯಾಸಿ ನಿಕೊಲಾಯ್ ಶ್ಮಿತ್. ಅವರ ಬಳಿ ಇದ್ದುದು ತಾವೇ ಜೋಡಿಸಿದ ಸರಳ ರಿಸೀವರ್ ಮಾತ್ರ. ಹವ್ಯಾಸಿಗಳ ಉಪಕರಣಗಳನ್ನು ಆಟದ ಸಾಮಾನೆಂದು ಭಾವಿಸಿದ್ದವರ ಅಭಿಪ್ರಾಯವನ್ನು ಇಂಥ ಘಟನೆಗಳು ಬದಲಿಸಿದವು.

ಅಂಟಾರ್ಕ್ಟಿಕಾದೊಂದಿಗೆ ಸಂಪರ್ಕ

1929ರಲ್ಲಿ ಕ್ರೆಂಕೆಲ್ ಅವರು ಫ್ರಾಂಜ್ ಜೋಸೆಫ್ ಲ್ಯಾಂಡ್ ದ್ವೀಪಸಮೂಹದ ತಿಖಾಯಾ ಕೊಲ್ಲಿಯಲ್ಲಿ ಹೊಸದಾಗಿ ಸ್ಥಾಪನೆಯಾದ ನೆಲೆಗೆ ರೇಡಿಯೋ ನಿರ್ವಾಹಕರಾಗಿ ತೆರಳಿದರು. 1930ರ ಜನವರಿ 12ರಂದು ಅವರು ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ಕರೆಯನ್ನು ಕಳುಹಿಸಿದಾಗ ಅಪರಿಚಿತ ಕೇಂದ್ರವೊಂದು ಉತ್ತರಿಸಿತು. ಅದು ಅಂಟಾರ್ಕ್ಟಿಕಾದಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ರಿಚರ್ಡ್ ಬರ್ಡ್ ಅವರ ತಂಡದ ಕೇಂದ್ರವಾಗಿತ್ತು. ಭೂಗೋಳದ ಎರಡು ತುದಿಗಳ ನಡುವಿನ ಆ ಅಂತರ ಸುಮಾರು 20,000 ಕಿಲೋಮೀಟರ್. ಒಂದು ತುದಿಯಲ್ಲಿ ಧ್ರುವರಾತ್ರಿ, ಇನ್ನೊಂದು ತುದಿಯಲ್ಲಿ ಮುಳುಗದ ಸೂರ್ಯ. ಭೂಮಿಯ ಮೇಲೆ ಇದಕ್ಕಿಂತ ಹೆಚ್ಚಿನ ದೂರದ ಸಂಪರ್ಕ ಬಹುಮಟ್ಟಿಗೆ ಅಸಾಧ್ಯವಾದುದರಿಂದ ಇದು ವಿಶ್ವದಾಖಲೆಯಾಯಿತು.

ಮುಂದೆ 1931ರಲ್ಲಿ ಗ್ರಾಫ್ ಜೆಪ್ಪೆಲಿನ್ ವಾಯುನೌಕೆಯ ಆರ್ಕ್ಟಿಕ್ ಯಾನದಲ್ಲಿಯೂ, 1932ರಲ್ಲಿ ಉತ್ತರ ಸಮುದ್ರಮಾರ್ಗವನ್ನು ಒಂದೇ ಋತುವಿನಲ್ಲಿ ಕ್ರಮಿಸಿದ ಸಿಬಿರ್ಯಾಕೊವ್ ಹಡಗಿನಲ್ಲಿಯೂ ಅವರು ಪಾಲ್ಗೊಂಡರು.

ಚೆಲ್ಯೂಸ್ಕಿನ್ ದುರಂತ

1933ರಲ್ಲಿ ಒಟ್ಟೊ ಶ್ಮಿತ್ ಅವರ ನೇತೃತ್ವದಲ್ಲಿ ಅದೇ ಮಾರ್ಗವಾಗಿ ಹೊರಟ ಚೆಲ್ಯೂಸ್ಕಿನ್ ಹಡಗಿನ ರೇಡಿಯೋ ವಿಭಾಗದ ಹೊಣೆ ಕ್ರೆಂಕೆಲ್ ಅವರದಾಗಿತ್ತು. ಹಡಗು ಚುಕ್ಚಿ ಸಮುದ್ರದಲ್ಲಿ ಮಂಜಿನ ನಡುವೆ ಸಿಕ್ಕಿಕೊಂಡು ತಿಂಗಳುಗಳ ಕಾಲ ತೇಲಿತು. 1934ರ ಫೆಬ್ರವರಿ 13ರಂದು ಮಂಜುಗಡ್ಡೆಗಳ ಒತ್ತಡಕ್ಕೆ ಅದರ ಒಡಲು ಸೀಳಿ ಮುಳುಗಿಹೋಯಿತು. ಒಬ್ಬರು ಪ್ರಾಣ ಕಳೆದುಕೊಂಡರು. ಮಹಿಳೆಯರೂ ಇಬ್ಬರು ಪುಟ್ಟ ಮಕ್ಕಳೂ ಸೇರಿದಂತೆ 104 ಮಂದಿ ಕೊರೆಯುವ ಚಳಿಯಲ್ಲಿ ಮಂಜುಗಡ್ಡೆಯ ಮೇಲೆ ಉಳಿದರು.

ಹಡಗಿನಿಂದ ಇಳಿಸಿಕೊಂಡಿದ್ದ ಚಿಕ್ಕ ಟ್ರಾನ್ಸ್‌ಮಿಟರ್, ರಿಸೀವರ್ ಮತ್ತು ಬ್ಯಾಟರಿಗಳೇ ಅವರೆಲ್ಲರಿಗೂ ಹೊರಜಗತ್ತಿನೊಂದಿಗೆ ಇದ್ದ ಏಕೈಕ ಕೊಂಡಿ. ಕ್ರೆಂಕೆಲ್ ಮತ್ತು ಸಂಗಡಿಗರು ಡೇರೆಯೊಳಗೆ ಉಪಕರಣವನ್ನು ಜೋಡಿಸಿ, ಆಂಟೆನಾ ತಂತಿಯನ್ನು ಎತ್ತಿ ಕಟ್ಟಿದರು. ಮರುದಿನವೇ ತೀರದ ಉವೆಲೆನ್ ಎಂಬ ಊರಿನ ರೇಡಿಯೋ ಕೇಂದ್ರದೊಂದಿಗೆ ಸಂಪರ್ಕ ಏರ್ಪಟ್ಟಿತು. ಅಲ್ಲಿ ಸಂದೇಶಗಳನ್ನು ಸ್ವೀಕರಿಸುತ್ತಿದ್ದವರು ಲ್ಯುದ್ಮಿಲಾ ಶ್ರಾದರ್ ಎಂಬ ಯುವತಿ. ಬ್ಯಾಟರಿಯ ಶಕ್ತಿ ಬರಿದಾದರೆ ಶಿಬಿರವೇ ಮೂಕವಾಗುವ ಭಯವಿದ್ದುದರಿಂದ, ನಿಗದಿತ ವೇಳೆಯಲ್ಲಿ ಮಾತ್ರ, ಅಗತ್ಯವಿದ್ದಷ್ಟೇ ಪದಗಳಲ್ಲಿ ಸಂದೇಶ ಕಳುಹಿಸಬೇಕಾಗಿತ್ತು. ಹವಾಮಾನ, ಮಂಜಿನ ಬಿರುಕುಗಳು, ವಿಮಾನ ಇಳಿಯುವ ಪಟ್ಟಿಯ ಸ್ಥಿತಿ ಇವೆಲ್ಲ ಈ ಮೂಲಕವೇ ಹೊರಗೆ ತಿಳಿಯುತ್ತಿದ್ದವು.

ಮಾರ್ಚ್ 5ರಂದು ಮೊದಲ ವಿಮಾನವು ಇಳಿದು ಮಹಿಳೆಯರನ್ನೂ ಮಕ್ಕಳನ್ನೂ ಕರೆದೊಯ್ದಿತು. ಏಪ್ರಿಲ್ 13ರ ಹೊತ್ತಿಗೆ ಮಂಜಿನ ಮೇಲಿದ್ದ ಎಲ್ಲರನ್ನೂ ರಕ್ಷಿಸಲಾಯಿತು. ಕೊನೆಯ ದಿನ ಶಿಬಿರವನ್ನು ಬಿಟ್ಟ ಆರು ಮಂದಿಯಲ್ಲಿ ಕ್ರೆಂಕೆಲ್ ಕೂಡ ಇದ್ದರು.

ಆರ್‌ಎಇಎಂ ಎಂಬ ಕಾಲ್‌ಸೈನ್

ಪ್ರತಿಯೊಂದು ರೇಡಿಯೋ ಕೇಂದ್ರಕ್ಕೂ ತನ್ನದೇ ಆದ ಗುರುತಿನ ಅಕ್ಷರಗಳಿರುತ್ತವೆ. ಇವುಗಳನ್ನು ಕಾಲ್‌ಸೈನ್ ಎನ್ನುತ್ತಾರೆ. ಚೆಲ್ಯೂಸ್ಕಿನ್ ಹಡಗಿನ ಕಾಲ್‌ಸೈನ್ ಆರ್‌ಎಇಎಂ ಎಂದಿತ್ತು. ಹಡಗು ಇಲ್ಲವಾದ ಮೇಲೆ ಆ ಅಕ್ಷರಗಳನ್ನು ಗೌರವಾರ್ಥವಾಗಿ ಕ್ರೆಂಕೆಲ್ ಅವರಿಗೆ ವೈಯಕ್ತಿಕ ಹವ್ಯಾಸಿ ಕಾಲ್‌ಸೈನ್ ಆಗಿ ನೀಡಲಾಯಿತು. ಹವ್ಯಾಸಿಗಳ ಕಾಲ್‌ಸೈನ್‌ಗಳಲ್ಲಿ ಸಾಮಾನ್ಯವಾಗಿ ಒಂದು ಅಂಕಿ ಇದ್ದೇ ಇರುತ್ತದೆ. ಅಂಕಿಯಿಲ್ಲದ ಈ ನಾಲ್ಕು ಅಕ್ಷರಗಳು ಕೇಳಿಬಂದೊಡನೆ ಮಾತನಾಡುತ್ತಿರುವವರು ಯಾರೆಂದು ಜಗತ್ತಿನ ಹವ್ಯಾಸಿಗಳಿಗೆ ತಿಳಿಯುತ್ತಿತ್ತು.

ತೇಲುವ ಮಂಜುಗಡ್ಡೆಯ ಮೇಲೆ

1937ರ ಮೇ 21ರಂದು ಉತ್ತರ ಧ್ರುವದ ಸಮೀಪದ ಮಂಜುಗಡ್ಡೆಯೊಂದರ ಮೇಲೆ ಸೋವಿಯತ್ ವಿಮಾನವೊಂದು ಇಳಿಯಿತು. ಅಲ್ಲಿ ನೆಲೆ ಸ್ಥಾಪಿಸಿದ ನಾಲ್ವರು ಇವಾನ್ ಪಾಪಾನಿನ್, ಪ್ಯೋತರ್ ಶಿರ್ಶೋವ್, ಯೆವ್ಗೆನಿ ಫ್ಯೋದೊರೊವ್ ಮತ್ತು ಕ್ರೆಂಕೆಲ್. ವಿಮಾನ ಇಳಿಯುವ ಹೊತ್ತಿನಲ್ಲಿಯೇ ಅದರ ರೇಡಿಯೋ ಕೆಟ್ಟುಹೋದುದರಿಂದ ಗಂಟೆಗಳ ಕಾಲ ಯಾವ ಸುದ್ದಿಯೂ ಹೊರಡಲಿಲ್ಲ. ಕ್ರೆಂಕೆಲ್ ತಮ್ಮ ಕೇಂದ್ರವನ್ನು ಜೋಡಿಸಿ ಸಂದೇಶ ಕಳುಹಿಸಿದ ನಂತರವೇ ಎಲ್ಲರೂ ಕ್ಷೇಮವೆಂಬುದು ತಿಳಿದುಬಂದಿತು.

ಉತ್ತರ ಧ್ರುವ-1 ಎಂದು ಹೆಸರಾದ ಈ ನೆಲೆಯ ಟ್ರಾನ್ಸ್‌ಮಿಟರ್ ಬಳಸುತ್ತಿದ್ದುದು ಕೇವಲ ಕೆಲವು ಹತ್ತು ವಾಟ್ ಶಕ್ತಿ. ಮನೆಯ ಒಂದು ಬಲ್ಬು ಉರಿಯಲು ಬೇಕಾಗುತ್ತಿದ್ದುದೂ ಸುಮಾರು ಅಷ್ಟೇ. ಸಣ್ಣ ಗಾಳಿಯಂತ್ರವೊಂದು ಬ್ಯಾಟರಿಗಳಿಗೆ ವಿದ್ಯುತ್ ತುಂಬುತ್ತಿತ್ತು. ಗಾಳಿ ನಿಂತ ದಿನಗಳಲ್ಲಿ ಮನುಷ್ಯಬಲದಿಂದ ತಿರುಗಿಸುವ ಜನರೇಟರೇ ಗತಿ. ಆದರೂ ಹವಾಮಾನ ವರದಿಗಳು ಕ್ರಮಬದ್ಧವಾಗಿ ಹೊರಡುತ್ತಿದ್ದವು. ಅದೇ ಜೂನ್‌ನಲ್ಲಿ ವಲೇರಿ ಚ್ಕಾಲೊವ್ ಅವರ ತಂಡವು ಮಾಸ್ಕೋದಿಂದ ಧ್ರುವದ ಮೇಲಾಗಿ ಅಮೆರಿಕಕ್ಕೆ ಹಾರಿದಾಗ ಈ ವರದಿಗಳು ನೆರವಾದವು. ಆಗಸ್ಟ್‌ನಲ್ಲಿ ಅದೇ ದಾರಿಯಲ್ಲಿ ಹೊರಟ ಸಿಗಿಜ್ಮುಂದ್ ಲೆವನೆವ್ಸ್ಕಿ ಅವರ ವಿಮಾನವು ಕಣ್ಮರೆಯಾದಾಗ, ಕ್ರೆಂಕೆಲ್ ಹಲವು ದಿನಗಳ ಕಾಲ ಅದರ ಸಂಕೇತಕ್ಕಾಗಿ ಕಿವಿಗೊಟ್ಟು ಕಾದರು. ಆ ವಿಮಾನ ಮತ್ತೆ ಸಿಗಲಿಲ್ಲ.

ಅಧಿಕೃತ ಕೆಲಸ ಮುಗಿದು, ಬ್ಯಾಟರಿಯಲ್ಲಿ ಶಕ್ತಿ ಉಳಿದಿದ್ದರೆ, ಕ್ರೆಂಕೆಲ್ ಹವ್ಯಾಸಿಗಳ ತರಂಗಗಳತ್ತ ತಿರುಗುತ್ತಿದ್ದರು. ಮನೆಯ ಮೂಲೆಯಲ್ಲಿ ಕುಳಿತು ಮೋರ್ಸ್ ಕೀ ಒತ್ತುತ್ತಿದ್ದ ದೂರದೇಶಗಳ ಹವ್ಯಾಸಿಗಳಿಗೆ ಉತ್ತರ ಧ್ರುವದ ಕಡೆಯಿಂದ ಉತ್ತರ ಬರುವುದು ಅಪೂರ್ವ ಅನುಭವವಾಗಿತ್ತು. ನಾಲ್ವರೇ ಇದ್ದ ಆ ಏಕಾಂತ ನೆಲೆಗೆ ಅದು ಮನುಷ್ಯರ ಒಡನಾಟವನ್ನು ತಂದುಕೊಡುತ್ತಿತ್ತು.

ಮಂಜುಗಡ್ಡೆಯು ದಕ್ಷಿಣಕ್ಕೆ 2,000 ಕಿಲೋಮೀಟರ್‌ಗೂ ಹೆಚ್ಚು ದೂರ ತೇಲಿ, ಗ್ರೀನ್‌ಲ್ಯಾಂಡ್‌ನ ಪೂರ್ವಕ್ಕೆ ಬಂದಿತು. 1938ರ ಫೆಬ್ರವರಿಯ ಆರಂಭದಲ್ಲಿ ಬಿರುಗಾಳಿಗೆ ಸಿಕ್ಕಿ ಒಡೆದು ಬಹಳ ಚಿಕ್ಕದಾಯಿತು. ರೇಡಿಯೋ ಮಾತ್ರ ಕೆಲಸ ನಿಲ್ಲಿಸಲಿಲ್ಲ. ಫೆಬ್ರವರಿ 19ರಂದು ತೈಮಿರ್ ಮತ್ತು ಮುರ್ಮಾನ್ ಹಡಗುಗಳು ನಾಲ್ವರನ್ನೂ ಸುರಕ್ಷಿತವಾಗಿ ಕರೆದೊಯ್ದವು. ಮರುತಿಂಗಳು ಕ್ರೆಂಕೆಲ್ ಅವರಿಗೆ ಸೋವಿಯತ್ ಒಕ್ಕೂಟದ ವೀರ ಎಂಬ ಪದವಿ ದೊರೆಯಿತು. ಭೂಗೋಳ ವಿಜ್ಞಾನದ ಡಾಕ್ಟರೇಟ್ ಪದವಿಯೂ ಅವರಿಗೆ ಸಂದಿತು.

ಅಲ್ಪಶಕ್ತಿ ಪ್ರಸಾರದ ಮರ್ಮ

ಕ್ರೆಂಕೆಲ್ ಅವರ ಅನುಭವವನ್ನು ಇಂದಿನ ಲೆಕ್ಕಾಚಾರದಿಂದಲೂ ಅರ್ಥಮಾಡಿಕೊಳ್ಳಬಹುದು. ಸಂಕೇತದ ಬಲವನ್ನು ಹವ್ಯಾಸಿಗಳು 1ರಿಂದ 9ರವರೆಗಿನ ಮೆಟ್ಟಿಲುಗಳಲ್ಲಿ ಅಳೆಯುತ್ತಾರೆ. ಒಂದು ಮೆಟ್ಟಿಲು ಮೇಲೇರಬೇಕಾದರೆ ಶಕ್ತಿಯನ್ನು ನಾಲ್ಕು ಪಟ್ಟು ಹೆಚ್ಚಿಸಬೇಕು. ಹೀಗಾಗಿ 100 ವಾಟ್ ಬಳಸುವವರಿಗಿಂತ 5 ವಾಟ್ ಬಳಸುವವರ ಸಂಕೇತವು ಎರಡು ಮೆಟ್ಟಿಲುಗಳಿಗಿಂತ ತುಸು ಮಾತ್ರ ಕೆಳಗಿರುತ್ತದೆ. ಆ ಕೊರತೆಯನ್ನು ಒಳ್ಳೆಯ ಆಂಟೆನಾ, ಸರಿಯಾದ ವೇಳೆ ಮತ್ತು ತಾಳ್ಮೆಗಳಿಂದ ಬಹುಮಟ್ಟಿಗೆ ತುಂಬಬಹುದು. ಮೋರ್ಸ್ ಸಂಕೇತಕ್ಕೆ ಧ್ವನಿಗಿಂತ ಕಿರಿದಾದ ತರಂಗಪಟ್ಟಿ ಸಾಕಾಗುವುದರಿಂದ, ಗದ್ದಲದ ನಡುವೆಯೂ ಕ್ಷೀಣ ಸಂಕೇತವನ್ನು ಗುರುತಿಸಬಹುದು. ಇಂದು 5 ವಾಟ್ ಅಥವಾ ಅದಕ್ಕಿಂತ ಕಡಿಮೆ ಶಕ್ತಿಯಲ್ಲಿ ಮೋರ್ಸ್ ಸಂಪರ್ಕ ಸಾಧಿಸುವ ಹವ್ಯಾಸವು ಕ್ಯೂಆರ್‌ಪಿ ಎಂಬ ಹೆಸರಿನಿಂದ ಜಗತ್ತಿನಾದ್ಯಂತ ಜನಪ್ರಿಯವಾಗಿದೆ.

ನಂತರದ ಜೀವನ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಹವ್ಯಾಸಿ ಪ್ರಸಾರವು ಸ್ಥಗಿತಗೊಂಡಿತ್ತು. ಯುದ್ಧಾನಂತರ ಅದಕ್ಕೆ ಮತ್ತೆ ಅನುಮತಿ ದೊರೆತಾಗ ಕ್ರೆಂಕೆಲ್ ತಮ್ಮ ಹಳೆಯ ಕಾಲ್‌ಸೈನ್‌ನೊಂದಿಗೆ ಮರಳಿದರು. 1950ರ ದಶಕದಿಂದ ಹವಾಮಾನ ಉಪಕರಣಗಳ ಸಂಶೋಧನಾ ಸಂಸ್ಥೆಯಲ್ಲಿ ದುಡಿದು, ಕೊನೆಗೆ ಅದರ ನಿರ್ದೇಶಕರಾದರು. ಸೋವಿಯತ್ ರೇಡಿಯೋ ಕ್ರೀಡಾ ಒಕ್ಕೂಟದ ಅಧ್ಯಕ್ಷರಾಗಿ ಯುವ ಹವ್ಯಾಸಿಗಳನ್ನು ಪ್ರೋತ್ಸಾಹಿಸಿದರು. ಅಂಚೆಚೀಟಿ ಸಂಗ್ರಹವು ಅವರ ಮತ್ತೊಂದು ಹವ್ಯಾಸ. 1966ರಲ್ಲಿ ಆರಂಭವಾದ ಅಖಿಲ ಸೋವಿಯತ್ ಅಂಚೆಚೀಟಿ ಸಂಗ್ರಾಹಕರ ಸಂಘಕ್ಕೆ ಅವರೇ ಮೊದಲ ಅಧ್ಯಕ್ಷರು. 1960ರ ದಶಕದ ಕೊನೆಯಲ್ಲಿ ಪ್ರೊಫೆಸರ್ ಜುಬೊವ್ ಹಡಗಿನಲ್ಲಿ ಅವರು ಅಂಟಾರ್ಕ್ಟಿಕಾಕ್ಕೆ ಪ್ರಯಾಣ ಬೆಳೆಸಿದರು. 1930ರಲ್ಲಿ ಕಿವಿಯಿಂದಷ್ಟೇ ತಲುಪಿದ್ದ ಖಂಡವನ್ನು ಆಗ ಕಣ್ಣಾರೆ ಕಂಡರು.

1971ರ ಡಿಸೆಂಬರ್ 8ರಂದು ಮಾಸ್ಕೋದಲ್ಲಿ ನಿಧನರಾದ ಅವರನ್ನು ನೊವೊದೇವಿಚಿ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು. ಅವರ ಆತ್ಮಕಥೆಯು ಮರಣಾನಂತರ 1973ರಲ್ಲಿ ಪ್ರಕಟವಾಯಿತು. ಅದರ ಶೀರ್ಷಿಕೆಯಲ್ಲಿಯೂ ಆರ್‌ಎಇಎಂ ಎಂಬ ಕಾಲ್‌ಸೈನ್ ಇದೆ.

ಸ್ಮರಣೆ

ಫ್ರಾಂಜ್ ಜೋಸೆಫ್ ಲ್ಯಾಂಡ್‌ನ ಹೇಸ್ ದ್ವೀಪದಲ್ಲಿರುವ ಧ್ರುವ ವೀಕ್ಷಣಾಲಯಕ್ಕೂ ಮಾಸ್ಕೋದ ಕೇಂದ್ರೀಯ ರೇಡಿಯೋ ಕ್ಲಬ್‌ಗೂ ಕ್ರೆಂಕೆಲ್ ಅವರ ಹೆಸರನ್ನು ಇಡಲಾಗಿದೆ. ಅವರ ಜನ್ಮದಿನ ಬರುವ ಡಿಸೆಂಬರ್ ತಿಂಗಳಿನಲ್ಲಿ ಆರ್‌ಎಇಎಂ ಹೆಸರಿನ ಮೋರ್ಸ್ ಸಂಕೇತ ಸ್ಪರ್ಧೆಯು ನಡೆಯುತ್ತದೆ. ಅದರಲ್ಲಿ ಹಲವು ದೇಶಗಳ ಹವ್ಯಾಸಿಗಳು ಭಾಗವಹಿಸುತ್ತಾರೆ.