ಅಂಚೆಯಲ್ಲಿ ಬಂದ ಗರಡಿಮನೆ

ದಾವಣಗೆರೆಯ ಕುಂದವಾಡ ಕೆರೆಯ ಏರಿಯ ಮೇಲೆ ಬೆಳಗಿನ ಜಾವ ನಡೆಯುವವರ ಸಾಲಿನಲ್ಲಿ, ಸರ್ಕಾರಿ ಸೇವೆಯಿಂದ ನಿವೃತ್ತನಾದಂದಿನಿಂದ ನಾನೂ ಒಬ್ಬ. ದಿನಕ್ಕೆ ಒಂದು ಗಂಟೆ ನಡೆಯುವವನಿಗೆ ದೇಹದ ಬಗ್ಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬ ಸಣ್ಣ ಅಹಂಕಾರ ನನ್ನಲ್ಲಿತ್ತು. ಕಳೆದ ವರ್ಷ ವೈದ್ಯರೊಬ್ಬರು ಎದೆಯ ಮೇಲೆ ಕೈಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರುವಂತೆ ನನಗೆ ಹೇಳಿದರು. ಮೂರು ಸಲ ಎದ್ದೆ. ನಾಲ್ಕನೆಯ ಸಲ ಕೈಗಳು ನನ್ನನ್ನು ಕೇಳದೆ ಕುರ್ಚಿಯ ತೋಳನ್ನು ಹಿಡಿದುಕೊಂಡವು. ನಡಿಗೆಯಿಂದ ಹೃದಯಕ್ಕೆ ಉಪಕಾರವಾಗಿದೆ, ಆದರೆ ತೊಡೆಯಲ್ಲಿ ಕಸುವು ಉಳಿದಿಲ್ಲ ಎಂಬುದು ಅವರ ತೀರ್ಮಾನವಾಗಿತ್ತು.

ಮನೆಗೆ ಬಂದು ಅಟ್ಟದ ಮೇಲಿದ್ದ ತಂದೆಯವರ ಟ್ರಂಕನ್ನು ಇಳಿಸಿದೆ. ಅದರಲ್ಲಿ ಒಂದು ಜೊತೆ ಕಬ್ಬಿಣದ ಡಂಬೆಲ್ಲುಗಳೂ ಹಳದಿಯಾಗಿ ಮುಟ್ಟಿದರೆ ಮುರಿಯುವಂತಿದ್ದ ಕೆಲವು ಕಾಗದಗಳೂ ಇರುವುದು ನನಗೆ ತಿಳಿದಿತ್ತು. ಆ ಕಾಗದಗಳ ಮೇಲಿದ್ದ ಹೆಸರು ಬೆಂಗಳೂರಿನ ಕೆ.ವಿ. ಅಯ್ಯರ್ ಅವರದು.

ಕನ್ನಡ ಓದುಗರಿಗೆ ಕೋಲಾರ ವೆಂಕಟೇಶ ಅಯ್ಯರ್ ಕಾದಂಬರಿಕಾರರಾಗಿ ಪರಿಚಿತರು. ಹೊಯ್ಸಳ ರಾಣಿಯನ್ನು ಕುರಿತ 'ಶಾಂತಲಾ' ಕಾದಂಬರಿಯನ್ನು ನಮ್ಮ ತಲೆಮಾರಿನ ಮನೆಮನೆಗಳಲ್ಲಿ ಓದುತ್ತಿದ್ದರು. 'ರೂಪದರ್ಶಿ'ಯನ್ನು ಇಂದಿಗೂ ಓದುವವರಿದ್ದಾರೆ. ಆದರೆ ಈ ಬರಹಗಾರ ತನ್ನ ಕಾಲದಲ್ಲಿ ಭಾರತದ ಅತಿ ಪ್ರಸಿದ್ಧ ಅಂಗಸಾಧಕರಲ್ಲಿ ಒಬ್ಬರಾಗಿದ್ದರೆಂಬುದು, ವಿದೇಶಗಳ ದೇಹದಾರ್ಢ್ಯ ಪತ್ರಿಕೆಗಳಲ್ಲಿ ಅವರ ಭಾವಚಿತ್ರಗಳು ಅಚ್ಚಾಗುತ್ತಿದ್ದುವೆಂಬುದು ಬಹುಮಂದಿಗೆ ಮರೆತುಹೋಗಿದೆ. ಸಾಹಿತ್ಯ ಚರಿತ್ರೆಯವರು ಅವರ ವ್ಯಾಯಾಮಶಾಲೆಯನ್ನು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ವ್ಯಾಯಾಮದವರಿಗೋ ಅವರ ಕಾದಂಬರಿಗಳ ಹೆಸರೇ ಗೊತ್ತಿಲ್ಲ.

ಅಯ್ಯರ್ ಹುಟ್ಟಿದ್ದು 19ನೇ ಶತಮಾನದ ಕೊನೆಯ ವರ್ಷಗಳಲ್ಲಿ, ಕೋಲಾರ ಸೀಮೆಯಲ್ಲಿ. ಬ್ರಾಹ್ಮಣ ಮನೆತನದ ಹುಡುಗ ಓದಿ ಗುಮಾಸ್ತೆಯೋ ವಕೀಲನೋ ಆಗಬೇಕೆಂದು ಎಲ್ಲರೂ ಬಯಸುತ್ತಿದ್ದ ಕಾಲವದು. ಅದೇ ಕಾಲದಲ್ಲಿ ದೇಹಬಲದ ಹೊಸ ಗಾಳಿಯೂ ಬೀಸತೊಡಗಿತ್ತು. ಪ್ರಷ್ಯದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಹೆಸರು ಮಾಡಿದ ಯೂಜೆನ್ ಸ್ಯಾಂಡೋ 1904-05ರಲ್ಲಿ ಭಾರತ ಪ್ರವಾಸ ಮಾಡಿ, ಸಾವಿರಾರು ಜನರ ಮುಂದೆ ತನ್ನ ಮೈಕಟ್ಟನ್ನು ಪ್ರದರ್ಶಿಸಿ ಹೋಗಿದ್ದ. ಭಾರತೀಯರು ಕೃಶದೇಹಿಗಳು, ಆಳಿಸಿಕೊಳ್ಳಲಷ್ಟೇ ಯೋಗ್ಯರು ಎಂಬ ಆಳುವವರ ತಿರಸ್ಕಾರ ಓದಿದ ಯುವಕರನ್ನು ಚುಚ್ಚುತ್ತಿತ್ತು. ಡಂಬೆಲ್ ಹಿಡಿಯುವುದು ಅಂದು ಸ್ವಲ್ಪಮಟ್ಟಿಗೆ ರಾಜಕೀಯವೂ ಆಗಿತ್ತು.

1920ರ ದಶಕದ ಆರಂಭದಲ್ಲಿ ಅಯ್ಯರ್ ಬೆರಳೆಣಿಕೆಯ ಶಿಷ್ಯರೊಂದಿಗೆ ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ತೆರೆದರು. ಅದಕ್ಕೆ ಗ್ರೀಕ್ ಪುರಾಣದ ವೀರನ ಹೆಸರಿಟ್ಟು ಹರ್ಕ್ಯುಲಿಸ್ ಜಿಮ್ನಾಸಿಯಂ ಎಂದು ಕರೆದರು. ಹಲವು ಸ್ಥಳಗಳನ್ನು ಬದಲಿಸಿದ ಮೇಲೆ 1940ರಲ್ಲಿ ಜಯಚಾಮರಾಜೇಂದ್ರ ರಸ್ತೆಯಲ್ಲಿ ಅದಕ್ಕೆ ಸ್ವಂತ ನೆಲೆ ದೊರೆಯಿತು. ನಡುವಿನ ಎರಡು ದಶಕಗಳಲ್ಲಿ ಅವರು ಇಂಗ್ಲಿಷಿನಲ್ಲಿ ಒಂದಾದ ಮೇಲೊಂದು ಪುಸ್ತಕ ಬರೆದರು. 1930ರಲ್ಲಿ 'ಮಸಲ್ ಕಲ್ಟ್', 1936ರಲ್ಲಿ 'ಪರ್ಫೆಕ್ಟ್ ಫಿಸಿಕ್', 1937ರಲ್ಲಿ 'ಸೂರ್ಯ ನಮಸ್ಕಾರ್' ಬಂದವು.

ಈ ಪುಸ್ತಕಗಳ ಹಿಂದಿದ್ದ ವಿಚಾರ ಅಂದಿಗೆ ಹೊಸದು. ಪಶ್ಚಿಮದ ಭಾರ ಎತ್ತುವ ಪದ್ಧತಿ ಸ್ನಾಯುಗಳನ್ನು ಬೆಳೆಸುತ್ತದೆ, ನಮ್ಮ ಹಠಯೋಗ ಒಳಗಿನ ಅಂಗಗಳನ್ನೂ ಉಸಿರನ್ನೂ ಬೆನ್ನುಹುರಿಯನ್ನೂ ಸುಸ್ಥಿತಿಯಲ್ಲಿಡುತ್ತದೆ, ಇವೆರಡರಲ್ಲಿ ಒಂದನ್ನು ಬಿಟ್ಟರೂ ಸಾಧನೆ ಅರ್ಧವೇ ಎಂದು ಅಯ್ಯರ್ ವಾದಿಸಿದರು. ಅವರ ಒಡನಾಡಿಯಾಗಿದ್ದ ಯೋಗಾಚಾರ್ಯ ಸುಂದರಂ ಅದೇ ಕಾಲದಲ್ಲಿ ಬೆಂಗಳೂರಿನಿಂದ ಆಸನಗಳ ಪುಸ್ತಕವೊಂದನ್ನು ಹೊರತಂದು ಹೆಸರಾದರು. ಭಾರ ಎತ್ತುವವರು ಯೋಗಿಗಳನ್ನು, ಯೋಗಿಗಳು ಭಾರ ಎತ್ತುವವರನ್ನು ಹಗುರಾಗಿ ಕಾಣುತ್ತಿದ್ದ ದಿನಗಳಲ್ಲಿ ಇಬ್ಬರನ್ನೂ ಒಂದೇ ಸೂರಿನಡಿ ತಂದದ್ದು ಸಣ್ಣ ಕೆಲಸವಲ್ಲ. ಒಂದೇ ವಿಗ್ರಹದಲ್ಲಿ ಅರ್ಧ ಹರಿಯನ್ನೂ ಅರ್ಧ ಹರನನ್ನೂ ನಿಲ್ಲಿಸಿದ ಹರಿಹರದ ಗುಡಿಯನ್ನು ಚಿಕ್ಕಂದಿನಿಂದ ನೋಡುತ್ತ ಬೆಳೆದ ನನಗಂತೂ ಈ ಕೂಡಿಕೆ ವಿಚಿತ್ರವೆಂದು ತೋರಲಿಲ್ಲ.

ಅರಮನೆಯೂ ಅವರನ್ನು ಗುರುತಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅಯ್ಯರ್ ಅವರ ವ್ಯಾಯಾಮಶಾಲೆಯ ಶಾಖೆಯೊಂದು ನಡೆಯಿತು. ಅದನ್ನು ನೋಡಿಕೊಂಡವರು ಅವರ ಶಿಷ್ಯರೊಬ್ಬರು. ಅದೇ ಆವರಣದಲ್ಲಿ 1930ರ ದಶಕದಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆಯೂ ಇತ್ತು. ಮುಂದೆ ಜಗತ್ತಿಗೆ ಯೋಗ ಕಲಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ಪಟ್ಟಾಭಿ ಜೋಯಿಸ್ ಆ ಶಾಲೆಯ ವಿದ್ಯಾರ್ಥಿಗಳು. ಸೂರ್ಯ ನಮಸ್ಕಾರ ಆಗ ಆಸನಗಳ ಪಾಠದ ಭಾಗವೆನ್ನುವುದಕ್ಕಿಂತ ಹೆಚ್ಚಾಗಿ ವ್ಯಾಯಾಮವೆಂದೇ ಪ್ರಚಾರದಲ್ಲಿತ್ತು. ಔಂಧ್ ಸಂಸ್ಥಾನದ ಅರಸರು ಅದನ್ನು ಮನೆಮನೆಗೆ ಮುಟ್ಟಿಸಲು ಹೊರಟಿದ್ದರು, ಅಯ್ಯರ್ ಅದನ್ನು ದೇಹದಾರ್ಢ್ಯದ ಸಾಧನವೆಂದು ಬರೆದರು. ಇಂದು ನಾವು ಅನಾದಿಯೆಂದು ಭಾವಿಸುವ ಎಷ್ಟೋ ಸಂಗತಿಗಳು ಆ ಅರಮನೆಯಂಥ ಅಂಗಳಗಳಲ್ಲಿ, ಅಕ್ಕಪಕ್ಕದ ಕೊಠಡಿಗಳ ನಡುವೆ ರೂಪುಗೊಂಡವು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನ್ನನ್ನು ಅರಮನೆಗಿಂತ ಹೆಚ್ಚು ಸೆಳೆಯುವುದು ಅಯ್ಯರ್ ನಡೆಸಿದ ಅಂಚೆಪಾಠ. ಅದರ ಬೆಲೆ ತಿಳಿಯಬೇಕಾದರೆ ಅಂದಿನ ದಾವಣಗೆರೆಯನ್ನು ಸ್ವಲ್ಪ ನೆನೆಯಬೇಕು.

ನಮ್ಮೂರಿಗೆ ಬಲ ಹೊಸದಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯಲ್ಲಿ ಕುಸ್ತಿಯ ಕಣ ಇಲ್ಲದಿದ್ದರೆ ಜಾತ್ರೆ ಆದಂತೆಯೇ ಅಲ್ಲ. ಓಣಿಯ ಗರಡಿಮನೆಗಳಲ್ಲಿ ಮಣ್ಣು ಹದಮಾಡಿ, ದಂಡ ಬಸ್ಕಿ ಹೊಡೆದು, ಲೋಡು ತಿರುವಿ ಸಾಮು ಮಾಡುವ ಪೈಲ್ವಾನರಿದ್ದರು. ಮಂಡಿಪೇಟೆಯ ಹಮಾಲರು ಕ್ವಿಂಟಲ್ ತೂಕದ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಓಡುತ್ತಿದ್ದರು. ಆದರೆ ಗರಡಿಗೆ ಅದರದೇ ಆದ ಕಟ್ಟುಪಾಡುಗಳಿದ್ದವು. ಹೊತ್ತು, ಆಹಾರ, ಬ್ರಹ್ಮಚರ್ಯ, ಉಸ್ತಾದರ ಸೇವೆ ಎಲ್ಲವನ್ನೂ ಅದು ಕೇಳುತ್ತಿತ್ತು. ಹತ್ತಿ ಗಿರಣಿಯ ಕಚೇರಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಲೆಡ್ಜರಿನ ಮೇಲೆ ಬಾಗಿ ಕೂರುವ, ಹೆಂಡತಿ ಮಕ್ಕಳಿರುವ, ಲಂಗೋಟ ಕಟ್ಟಿ ನಾಲ್ಕು ಜನರೆದುರು ನಿಲ್ಲಲು ನಾಚುವ ಗುಮಾಸ್ತೆಗೆ ಅಲ್ಲಿ ಜಾಗವಿರಲಿಲ್ಲ. ನಮ್ಮ ತಂದೆಯವರು ಅಂಥ ಒಬ್ಬ ಗುಮಾಸ್ತೆ.

ಸ್ವಾತಂತ್ರ್ಯ ಬಂದ ವರ್ಷ ಅವರಿಗೆ ಇಪ್ಪತ್ತಮೂರು. ಬೆಂಗಳೂರಿನ ರೈಲಿನಲ್ಲಿ ಬರುತ್ತಿದ್ದ ಟಪಾಲಿನೊಳಗೆ ಅವರ ಹೆಸರಿಗೆ ಒಂದು ಲಕೋಟೆ ಇರುತ್ತಿತ್ತಂತೆ. ಒಳಗೆ ಚಿತ್ರಗಳು, ಪ್ರತಿಯೊಂದನ್ನು ಎಷ್ಟು ಸಲ ಮಾಡಬೇಕೆಂಬ ಸೂಚನೆಗಳು. ಡಂಬೆಲ್ ಕೊಳ್ಳುವಷ್ಟು ಹಣವಿರಲಿಲ್ಲ. ಹರಿಹರದಲ್ಲಿದ್ದ ನಮ್ಮ ಸೋದರಮಾವ ಅಲ್ಲಿನ ಚಿಕ್ಕ ಎರಕದ ಅಂಗಡಿಯೊಂದರಲ್ಲಿ ಎರಡು ಡಂಬೆಲ್ ಹೊಯ್ಯಿಸಿ ತಂದುಕೊಟ್ಟರು. ಲೇತ್ ಯಂತ್ರಗಳ ಊರೆಂದು ಹರಿಹರ ಆಗತಾನೆ ಹೆಸರು ಮಾಡುತ್ತಿತ್ತು, ಎರಕದ ಕೆಲಸ ಬಲ್ಲವರಿಗೆ ಅಲ್ಲಿ ಕೊರತೆಯಿರಲಿಲ್ಲ. ಎರಡೂ ಒಂದೇ ತೂಕವಿಲ್ಲವೆಂದು ತಂದೆಯವರು ಕೊನೆಯವರೆಗೂ ಗೊಣಗುತ್ತಿದ್ದರು. ಕಳೆದ ವರ್ಷ ನಾನು ತೂಗಿ ನೋಡಿದೆ. ಅವರ ಮಾತು ನಿಜ. ಒಂದು 2 ಕಿಲೋ 300 ಗ್ರಾಂ, ಇನ್ನೊಂದು 2 ಕಿಲೋ 450 ಗ್ರಾಂ.

ಈ ಏರ್ಪಾಡಿನ ಲೆಕ್ಕವನ್ನು ನೋಡಿ. ಬಂಡವಾಳ ಒಂದು ಜೊತೆ ಕಬ್ಬಿಣ, ಒಂದು ಚಾಪೆ. ಜಾಗ ಒಂದು ಆಳುದ್ದ. ಹೊತ್ತು ಅರ್ಧ ಗಂಟೆ. ಗುರು ಇನ್ನೂರು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ, ಅಂಚೆ ಚೀಟಿಯ ಬೆಲೆಗೆ. ಸ್ಯಾಂಡೋ ಮೊದಲಾದವರು ಪಶ್ಚಿಮದಲ್ಲಿ ಇದನ್ನು ವ್ಯಾಪಾರವಾಗಿ ಬೆಳೆಸಿದ್ದರು, ಅಯ್ಯರ್ ಅವರದೂ ವ್ಯಾಪಾರವೇ. ಆದರೆ ಗರಡಿಯ ಬಾಗಿಲು ತುಳಿಯಲಾಗದವನ ಮನೆಗೆ ಗರಡಿಯನ್ನೇ ಕಳುಹಿಸಿದ ವ್ಯಾಪಾರ. ಪಾಠದ ಒಳಗಿದ್ದ ತತ್ತ್ವ ಇಂದಿನ ವ್ಯಾಯಾಮ ವಿಜ್ಞಾನದ ಮೊದಲ ಪಾಠವೂ ಹೌದು. ಸ್ನಾಯುವಿಗೆ ಅದು ರೂಢಿಸಿಕೊಂಡದ್ದಕ್ಕಿಂತ ತುಸು ಹೆಚ್ಚು ಕೆಲಸ ಕೊಡಬೇಕು, ಅದು ಹೊಂದಿಕೊಂಡ ಮೇಲೆ ಮತ್ತೆ ತುಸು ಏರಿಸಬೇಕು. ಈ ವಾರ ಹತ್ತು ಬಸ್ಕಿಯಾದರೆ ಮುಂದಿನ ವಾರ ಹನ್ನೆರಡು.

ಅಯ್ಯರ್ ದೋಷರಹಿತರಾಗಿದ್ದರೆಂದು ನಾನು ಹೇಳುವುದಿಲ್ಲ. ತಮ್ಮ ದೇಹವನ್ನು ತಾವೇ ಹೊಗಳಿಕೊಳ್ಳುವುದರಲ್ಲಿ ಅವರಿಗೆ ಸಂಕೋಚವಿರಲಿಲ್ಲ. ಗ್ರೀಕ್ ಶಿಲ್ಪಗಳ ಭಂಗಿಯಲ್ಲಿ ತೆಗೆಸಿಕೊಂಡ ಅವರ ಚಿತ್ರಗಳು ಸಂಪ್ರದಾಯಸ್ಥರ ಹುಬ್ಬೇರಿಸಿರಲೇಬೇಕು. ಎಷ್ಟೋ ರೋಗಗಳನ್ನು ವ್ಯಾಯಾಮವೊಂದೇ ವಾಸಿಮಾಡುತ್ತದೆಂಬ ಅವರ ನಂಬಿಕೆ ಇಂದಿನ ವೈದ್ಯಶಾಸ್ತ್ರ ಒಪ್ಪುವುದಕ್ಕಿಂತ ದೊಡ್ಡದು. ಆ ಕಾಲದ ಅಂಗಸಾಧನೆಯ ಲೋಕ ಬಹುಮಟ್ಟಿಗೆ ಗಂಡಸರ ಲೋಕವಾಗಿತ್ತೆಂಬುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಕೊರತೆ.

ಇದನ್ನು ಹೇಳಲು ನನಗೆ ಕಾರಣವಿದೆ. ತಂದೆಯವರು ಬಾಗಿಲು ಹಾಕಿಕೊಂಡು ಡಂಬೆಲ್ ಎತ್ತುತ್ತಿದ್ದ ಹೊತ್ತಿನಲ್ಲಿ ಅವ್ವ ಬೀದಿ ನಲ್ಲಿಯಿಂದ ಎರಡು ಕೊಡ ನೀರು ಹೊತ್ತು ತರುತ್ತಿದ್ದಳು. ಅವಳಿಗೆ ವ್ಯಾಯಾಮ ಬೇಕೆಂದು ಯಾರಿಗೂ ಅನ್ನಿಸಲಿಲ್ಲ, ಅಷ್ಟು ಕೆಲಸ ಅವಳಿಗಿತ್ತು. ಮುಂದೆ ಮನೆಯೊಳಗೇ ನಲ್ಲಿ ಬಂತು, ರುಬ್ಬುವ ಯಂತ್ರ ಬಂತು, ಸೊಸೆಯಂದಿರು ಬಂದರು. ಹೊರುವ, ಬೀಸುವ, ಬಗ್ಗುವ ಕೆಲಸಗಳು ಒಂದೊಂದಾಗಿ ತಪ್ಪಿದವು. ಅವಳ ಸುಖಕ್ಕೆಂದು ನಾವು ಸಂತೋಷಪಟ್ಟೆವು. 1999ರಲ್ಲಿ, ಅರವತ್ತೆಂಟರಲ್ಲಿ, ಬಚ್ಚಲ ಹೊಸ್ತಿಲಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಮತ್ತೆ ಅವಳು ಗೋಡೆ ಹಿಡಿಯದೆ ನಡೆಯಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡಳು. ಅವಳಿಗಿಂತ ಏಳು ವರ್ಷ ದೊಡ್ಡವರಾದ ತಂದೆಯವರು ಅವಳ ವೈಕುಂಠ ಸಮಾರಾಧನೆಯ ದಿನ ನೆಲದ ಮೇಲೆ ಪಂಕ್ತಿಯಲ್ಲಿ ಕೂತು, ಕೈ ಊರದೆ ಎದ್ದರು. ಬೀಳುವುದರಲ್ಲಿ ದೈವದ ಪಾಲೂ ಇದೆ, ಒಪ್ಪುತ್ತೇನೆ. ಆದರೆ ಅದೇ ಮನೆಯಲ್ಲಿ ಐವತ್ತು ವರ್ಷವಿದ್ದ ಆ ಕಾಗದಗಳನ್ನು ಅವ್ವನ ಮುಂದೆ ಯಾರೂ ಬಿಡಿಸಿಡಲಿಲ್ಲ. ಓದಿ ಪದವಿ ಪಡೆದಿದ್ದ ನಾನೂ ಇಡಲಿಲ್ಲ.

ಅಯ್ಯರ್ ಕಥೆಗೆ ಮರಳುತ್ತೇನೆ. ವ್ಯಾಯಾಮಶಾಲೆ ಅವರಿಗೆ ಬರಿಯ ಕಬ್ಬಿಣದ ಕೋಣೆಯಾಗಿರಲಿಲ್ಲ. ನಾಟಕಕಾರ ಟಿ.ಪಿ. ಕೈಲಾಸಂ ಅವರಿಗೆ ಆಪ್ತ ಸ್ನೇಹಿತ. ದೇಹವನ್ನು ದೇಗುಲದಂತೆ ಕಾಪಾಡಿಕೊಂಡ ಅಯ್ಯರ್, ಸಿಗರೇಟಿನ ಹೊಗೆಯಲ್ಲೇ ಬದುಕಿದ ಕೈಲಾಸಂ, ಈ ಜೋಡಿಯನ್ನು ಊಹಿಸಿಕೊಂಡರೇ ನಗು ಬರುತ್ತದೆ. ಆದರೂ ಆ ಮೇಧಾವಿಯ ಅಶಿಸ್ತನ್ನು ಅಯ್ಯರ್ ಸಹಿಸಿದರು, ಪೊರೆದರು, 1946ರಲ್ಲಿ ಕೈಲಾಸಂ ತೀರಿಕೊಂಡ ಮೇಲೆ ನೆನಪುಗಳನ್ನು ಬರೆದಿಟ್ಟರು. ರವಿ ಕಲಾವಿದರು ಎಂಬ ತಂಡ ಕಟ್ಟಿ ನಾಟಕ ಆಡಿಸಿದರು.

'ರೂಪದರ್ಶಿ'ಯ ಕಥೆಯನ್ನು ವ್ಯಾಯಾಮಗುರುವೊಬ್ಬ ಬರೆದದ್ದು ಕಾಕತಾಳೀಯವೆಂದು ನಾನು ನಂಬುವುದಿಲ್ಲ. ಮೈಕೆಲ್ಯಾಂಜೆಲೊ ಬಾಲಯೇಸುವಿನ ಚಿತ್ರಕ್ಕೆ ರೂಪದರ್ಶಿಯಾಗಿ ಮುದ್ದು ಮುಖದ ಮಗುವೊಂದನ್ನು ಹುಡುಕುತ್ತಾನೆ. ಎಷ್ಟೋ ವರ್ಷಗಳ ನಂತರ ಜೂಡಾಸನ ಚಿತ್ರಕ್ಕೆ ಪಾಪದಿಂದ ವಿಕಾರಗೊಂಡ ಮುಖವೊಂದು ಅವನಿಗೆ ಸಿಗುತ್ತದೆ. ಇಬ್ಬರೂ ಒಬ್ಬನೇ. ಬದುಕಿದ ರೀತಿ ಮುಖದ ಮೇಲೆ ಬರೆದುಕೊಳ್ಳುತ್ತದೆಂಬುದನ್ನು ದಿನಾ ಶಿಷ್ಯರ ಎದೆಯಳತೆ ತೆಗೆಯುತ್ತಿದ್ದವರಿಗಿಂತ ಚೆನ್ನಾಗಿ ಯಾರು ಬಲ್ಲರು? 1980ರಲ್ಲಿ ಅಯ್ಯರ್ ನಿಧನರಾದಾಗ ಅವರಿಗೆ ಎಂಬತ್ತು ದಾಟಿತ್ತು.

ಆ ಮೇಲೆ ವ್ಯಾಯಾಮ ಮತ್ತೆ ಬೀದಿಯ ಅಂಗಡಿಗೆ ಹೋಯಿತು. ದಾವಣಗೆರೆಯ ಬಡಾವಣೆಗಳಲ್ಲಿ ಗಾಜಿನ ಗೋಡೆಯ ಜಿಮ್‌ಗಳಿವೆ, ತಿಂಗಳ ಶುಲ್ಕವಿದೆ, ಡಬ್ಬಿಯಲ್ಲಿ ಮಾರುವ ಪುಡಿಗಳಿವೆ. ಅವು ಬೇಡವೆನ್ನಲಾರೆ, ಆದರೆ ಅಲ್ಲಿ ನನ್ನ ವಯಸ್ಸಿನವರು ಅಪರೂಪ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ದೇಶದ ಮಧುಮೇಹಿಗಳನ್ನು ಸುಮಾರು 10 ಕೋಟಿ ಎಂದು ಅಂದಾಜು ಮಾಡಿತು. ಊಟದ ನಂತರ ರಕ್ತಕ್ಕೆ ಬಂದ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯುಗಳೇ, ಅವು ಕರಗಿದಷ್ಟೂ ಸಕ್ಕರೆಗೆ ಜಾಗ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ ಕನಿಷ್ಠ 150 ನಿಮಿಷಗಳ ನಡಿಗೆಯಂಥ ಚಟುವಟಿಕೆಯ ಜೊತೆಗೆ, ವಾರದಲ್ಲಿ ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ ಬೇಕೆನ್ನುತ್ತದೆ. 65 ದಾಟಿದವರಿಗೆ ಸಮತೋಲ ಮತ್ತು ಬಲದ ಅಭ್ಯಾಸವನ್ನು ಮೂರು ದಿನ ಮಾಡುವಂತೆ ಹೇಳುತ್ತದೆ, ಬಿದ್ದು ಮೂಳೆ ಮುರಿಯದಿರಲೆಂದು. ಕುಂದವಾಡ ಕೆರೆಯ ನಮ್ಮ ಬಳಗ ಮೊದಲ ಭಾಗವನ್ನು ಮಾತ್ರ ಪಾಲಿಸುತ್ತಿದೆ.

ವೈದ್ಯರನ್ನು ಕೇಳಿಯೇ ನಾನು ಆರಂಭಿಸಿದೆ. ಕುರ್ಚಿಯಿಂದ ಏಳುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು, ಮೆಟ್ಟಿಲ ಮೇಲೆ ಹಿಮ್ಮಡಿ ಎತ್ತಿಳಿಸುವುದು, ಒಂದೇ ಕಾಲಿನಲ್ಲಿ ನಿಲ್ಲುವುದು, ಕೊನೆಗೆ ಆ ಡಂಬೆಲ್ಲುಗಳು. ಮೊದಲ ತಿಂಗಳು ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಎರಡನೆಯ ತಿಂಗಳು ಎರಡು ಲೀಟರಿನ ನೀರಿನ ಬಾಟಲಿಗಳನ್ನು ಹಿಡಿದು ಪಕ್ಕದಲ್ಲಿ ನಿಂತಳು. ಈಗ ಹಗುರಾದ ಡಂಬೆಲ್ ಅವಳದು, 150 ಗ್ರಾಂ ಹೆಚ್ಚಿರುವುದು ನನ್ನದು. ನಾನು ಕೈ ಊರದೆ ಕುರ್ಚಿಯಿಂದ ಹನ್ನೆರಡು ಸಲ ಏಳುತ್ತೇನೆ. ಅವಳು ಹದಿನೈದು.