ಬೆನಗಲ್ ನರಸಿಂಗ ರಾವ್

ಸರ್ ಬೆನಗಲ್ ನರಸಿಂಗ ರಾವ್ (26 ಫೆಬ್ರವರಿ 1887 – 30 ನವೆಂಬರ್ 1953) ಭಾರತದ ನ್ಯಾಯವೇತ್ತ, ಆಡಳಿತಗಾರ ಹಾಗೂ ರಾಜತಾಂತ್ರಿಕ. ಸಂವಿಧಾನ ಸಭೆಯ ಸಾಂವಿಧಾನಿಕ ಸಲಹೆಗಾರರಾಗಿದ್ದ ಇವರು ಅನಂತರ ವಿಶ್ವಸಂಸ್ಥೆಯಲ್ಲಿ ಭಾರತವನ್ನು ಪ್ರತಿನಿಧಿಸಿದರು. ವಿಶ್ವಸರ್ಕಾರವೆಂಬ ಕಲ್ಪನೆಗೂ ವಿಶ್ವಸಂಸ್ಥೆಯ ವಾಸ್ತವ ಅಧಿಕಾರಕ್ಕೂ ನಡುವಿನ ಅಂತರವು ಇವರ ಕೊನೆಯ ವರ್ಷಗಳ ಕಾರ್ಯದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಆರಂಭಿಕ ಜೀವನ

ದಕ್ಷಿಣ ಕನ್ನಡದ ಸಾರಸ್ವತ ಕುಟುಂಬದಲ್ಲಿ ಜನಿಸಿದ ರಾವ್, ಮಂಗಳೂರಿನ ಕೆನರಾ ಹೈಸ್ಕೂಲ್, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಮತ್ತು ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜುಗಳಲ್ಲಿ ವ್ಯಾಸಂಗ ಮಾಡಿದರು. ಐ.ಸಿ.ಎಸ್. ಸೇರಿ ಬಂಗಾಳದಲ್ಲಿ ಸೇವೆ ಸಲ್ಲಿಸಿ, ಕಲ್ಕತ್ತಾ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. ಪತ್ರಕರ್ತ ಬಿ. ಶಿವರಾವ್ ಮತ್ತು ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಬೆನಗಲ್ ರಾಮರಾವ್ ಇವರ ಸಹೋದರರು.

ಸಂವಿಧಾನ ರಚನೆ

1946ರಲ್ಲಿ ಸಲಹೆಗಾರರಾಗಿ ನೇಮಕಗೊಂಡ ರಾವ್, 1947ರ ಅಕ್ಟೋಬರಿನಲ್ಲಿ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದರು. ಅದರಲ್ಲಿ 243 ವಿಧಿಗಳೂ 13 ಅನುಸೂಚಿಗಳೂ ಇದ್ದವು. ಬರ್ಮಾದ ಸಂವಿಧಾನ ರಚನೆಗೂ ಇವರು ನೆರವಾದರು.

ವಿಶ್ವಸಂಸ್ಥೆಯಲ್ಲಿ

1950ರ ಜೂನ್ ತಿಂಗಳಿನಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ರಾವ್ ಭದ್ರತಾ ಮಂಡಳಿಯ ಅಧ್ಯಕ್ಷರಾಗಿದ್ದರು. ಚೀನಾದ ಪ್ರಾತಿನಿಧ್ಯದ ಪ್ರಶ್ನೆಯಲ್ಲಿ ಸೋವಿಯತ್ ಒಕ್ಕೂಟವು ಸಭೆಗಳನ್ನು ಬಹಿಷ್ಕರಿಸಿದ್ದುದರಿಂದ, ಅದರ ನಿಷೇಧಾಧಿಕಾರವಿಲ್ಲದೆ ನಿರ್ಣಯಗಳು ಅಂಗೀಕಾರವಾದವು. ದಕ್ಷಿಣ ಕೊರಿಯಾಕ್ಕೆ ಸೈನಿಕ ನೆರವು ಕೋರಿದ ಜೂನ್ 27ರ ನಿರ್ಣಯದ ವೇಳೆ ದೆಹಲಿಯ ಸೂಚನೆ ತಲಪಿರಲಿಲ್ಲವಾದ್ದರಿಂದ ಅಧ್ಯಕ್ಷಪೀಠದಲ್ಲಿದ್ದ ರಾವ್ ಮತ ಚಲಾಯಿಸಲಿಲ್ಲ. ಭಾರತವು ಎರಡು ದಿನಗಳ ಬಳಿಕ ಅದನ್ನು ಒಪ್ಪಿತು. ಮಂಡಳಿಗೆ ಸ್ವಂತ ಸೈನ್ಯವಿರಲಿಲ್ಲ. ಸದಸ್ಯ ರಾಷ್ಟ್ರಗಳ ಪಡೆಗಳು ಅಮೆರಿಕದ ನಾಯಕತ್ವದಲ್ಲಿ ಹೋರಾಡಿದವು.

ಅದೇ ಡಿಸೆಂಬರಿನಲ್ಲಿ ಇರಾನಿನ ನಸ್ರುಲ್ಲಾ ಎಂತೆಜಾಮ್ ಮತ್ತು ಕೆನಡಾದ ಲೆಸ್ಟರ್ ಪಿಯರ್ಸನ್ ಅವರೊಡನೆ ರಾವ್ ಕದನವಿರಾಮ ಸಮಿತಿಯಲ್ಲಿದ್ದರು. ಚೀನಾ ಒಪ್ಪದ ಕಾರಣ ಆ ಯತ್ನ ಫಲಿಸಲಿಲ್ಲ.

ಮಹತ್ವ

ರಾಷ್ಟ್ರಗಳ ಮೇಲೆ ಅವುಗಳನ್ನು ಕಾನೂನಿಗೆ ಬಗ್ಗಿಸಬಲ್ಲ ಅಧಿಕಾರವಿಲ್ಲದ ಸ್ಥಿತಿಯನ್ನು ಅಂತರರಾಷ್ಟ್ರೀಯ ಸಂಬಂಧಗಳ ಸಿದ್ಧಾಂತವು ಅರಾಜಕತೆ ಎಂದು ಕರೆಯುತ್ತದೆ. ರಾವ್ ಕರಡು ರೂಪಿಸಿದ ಭಾರತದ ಒಕ್ಕೂಟದಲ್ಲಿ ಕೇಂದ್ರಕ್ಕೆ ಶಾಸನ, ತೆರಿಗೆ ಮತ್ತು ಸೈನ್ಯದ ಅಧಿಕಾರವಿದೆ. ವಿಶ್ವಸಂಸ್ಥೆಯು ಸದಸ್ಯರ ಸಮ್ಮತಿಯನ್ನೇ ಅವಲಂಬಿಸಿದೆ. 1952ರಲ್ಲಿ ಅವರು ನ್ಯಾಯಾಧೀಶರಾಗಿ ಸೇರಿದ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವೂ ರಾಷ್ಟ್ರಗಳ ಒಪ್ಪಿಗೆಯಿದ್ದರೆ ಮಾತ್ರ ಅವುಗಳ ವ್ಯಾಜ್ಯವನ್ನು ತೀರ್ಮಾನಿಸಬಲ್ಲದು.

ನಿಧನ

ನ್ಯಾಯಾಧೀಶರಾಗಿದ್ದಾಗಲೇ ರಾವ್ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ನಿಧನರಾದರು. ಸಂವಿಧಾನ ರಚನೆಯ ಕುರಿತ ಅವರ ಬರಹಗಳು 1960ರಲ್ಲಿ ಶಿವರಾವ್ ಅವರ ಸಂಪಾದಕತ್ವದಲ್ಲಿ ಪ್ರಕಟವಾದವು.